ಬಾಯಿ ಅರ್ಜಿ ಬರೆದುಕೊಂಡ ಕೈ

ಬಳಸಿ ಬಿಸಾಡಿದ್ದನ್ನು ಮತ್ತೆ ಬಳಕೆಗೆ ತರುವ ಕೆಲಸಕ್ಕೆ ನಮ್ಮ ಕಾಲ ಚಕ್ರೀಯ ಅರ್ಥವ್ಯವಸ್ಥೆ ಎಂಬ ಭಾರವಾದ ಹೆಸರನ್ನಿಟ್ಟಿದೆ. ಆ ಹೆಸರು ಹುಟ್ಟುವುದಕ್ಕೂ ಬಹಳ ಮೊದಲೇ ಹರಿದದ್ದನ್ನು ಹೊಲಿಯುವವರು, ಮುರಿದದ್ದನ್ನು ಕೂಡಿಸುವವರು, ಕಸವನ್ನು ಬಗೆಬಗೆಯಾಗಿ ವಿಂಗಡಿಸುವವರು ಆ ಕೆಲಸವನ್ನು ಮಾಡುತ್ತಲೇ ಇದ್ದರು. ಅವರಿಗೂ ಸಾರ್ವಜನಿಕ ನೆರವಿನ ಹಣಕ್ಕೂ ನಡುವೆ ನಿಂತಿದ್ದದ್ದು ಹದಿನಾಲ್ಕು ಪುಟಗಳ ಅರ್ಜಿ ನಮೂನೆಯೆಂಬ ಗೋಡೆ. ಆ ಗೋಡೆಗೆ ಬಾಗಿಲು ಕೊರೆದವರು ಯಾರೆಂದು ಈ ಕ್ಷೇತ್ರದಲ್ಲಿ ದುಡಿಯುವ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಬೆಂಚು ಮೇಡಂ. ಮೂವತ್ತೊಂದು ವರ್ಷಗಳ ಸೇವೆಯನ್ನು ಪೂರೈಸಿ ಅವರು ಸಮುದಾಯ ನೆರವು ನಿಧಿಯ ಕಚೇರಿಯಿಂದ ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಅವರ ಗೌರವಾರ್ಥ ಹೊರಬರುತ್ತಿರುವ ಸಂಪುಟಕ್ಕೆ ಒಂದು ಲೇಖನ ಬರೆಯುವ ಭಾಗ್ಯ ಗಿಳಿಯ ಪಾಲಿಗೂ ಬಂದಿದೆ.

ಗಿಳಿ ಎಂದರೆ ಇದನ್ನು ಬರೆಯುತ್ತಿರುವವನೇ. ಕಂಡವರ ದನಿಯನ್ನೆಲ್ಲ ಅನುಕರಿಸುತ್ತಾನೆಂದು ಕಚೇರಿಯವರು ಇಟ್ಟ ಹೆಸರು ಅದು. ಇಂಥ ಲೇಖನಗಳನ್ನು 'ನಾನು' ಎಂದು ಬರೆಯುವುದು ವಾಡಿಕೆ. ಆದರೆ ಮುಂದೆ ಹೇಳಬೇಕಾಗಿರುವ ಸಂಗತಿಯನ್ನು ಹಾಗೆ ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಹಾಕಿಯಾಯಿತು. ಆ 'ನಾನು' ಎಂಬುವನು ಎರಡನೆಯ ಪ್ಯಾರಾ ಮುಗಿಯುವುದರೊಳಗೆ ಕರಿಕೋಟು ತೊಟ್ಟು ತನ್ನ ಪರವಾಗಿ ವಾದ ಶುರುಮಾಡಿಬಿಡುತ್ತಾನೆ. ಆದ್ದರಿಂದ ಅವನನ್ನು ಕಟಕಟೆಗೆ ಹತ್ತಿಸಿ, ಗಿಳಿ ಎಂದೇ ಕರೆದು, ಆಚೆ ನಿಂತು ಬರೆಯುವುದು ಕ್ಷೇಮವೆನಿಸಿದೆ.

ಮೇಡಂ ಕೆಲಸಕ್ಕೆ ಸೇರಿದಾಗ ಕಚೇರಿಯಿದ್ದದ್ದು ಒಂದು ಹಳೆಯ ಗೋದಾಮಿನ ಎರಡನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ ಅರ್ಜಿದಾರರಿಗೆ ಬಾಗಿಲ ಪಕ್ಕ ಒಂದು ಬೆಂಚು, ಅಧಿಕಾರಿಗಳಿಗೆ ಮೇಜಿನಾಚೆ ಕುರ್ಚಿ. ಸೇರಿದ ಎರಡನೆಯ ವಾರದಲ್ಲೇ ಮೇಡಂ ತಮ್ಮ ಕುರ್ಚಿಯನ್ನು ಕಡತಗಳಿಗೆ ಬಿಟ್ಟುಕೊಟ್ಟು, ಬೆಂಚಿನ ಮೇಲೆ ಅರ್ಜಿದಾರರ ಪಕ್ಕದಲ್ಲಿ ಕುಳಿತು ಬರೆದುಕೊಳ್ಳತೊಡಗಿದರು. ಎದುರಿಗೆ ಕೂತರೆ ಜನ ಒಪ್ಪಿಸುತ್ತಾರೆ, ಪಕ್ಕದಲ್ಲಿ ಕೂತರೆ ಮಾತಾಡುತ್ತಾರೆ ಎಂಬುದು ಅವರ ವಿವರಣೆ. ಬೆಂಚು ಮೇಡಂ ಎಂಬ ಹೆಸರು ಆಗಲೇ ಹುಟ್ಟಿತು. ಅದನ್ನು ಮೊದಲು ಕುಹಕಕ್ಕೆಂದು ಹೇಳಿದವರೇ ಆಮೇಲೆ ಗೌರವಕ್ಕೆಂದು ಹೇಳಿದರು.

ಬೆಂಚಿನಿಂದ ಹುಟ್ಟಿದ್ದು ಬಾಯಿ ಅರ್ಜಿ. ಓದುಬರಹ ಬಾರದ, ಅಥವಾ ಬಂದರೂ ನಮೂನೆಯ ಭಾಷೆ ಬಾರದ ಗುಂಪಿನವರು ತಮ್ಮ ಕೆಲಸವನ್ನೂ ಬೇಕಾದ ನೆರವನ್ನೂ ಬಾಯಲ್ಲಿ ಹೇಳಬೇಕು. ಮೇಡಂ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಬರೆದದ್ದನ್ನು ಅವರಿಗೆ ಓದಿ ಹೇಳಿ, ಹೌದೆನಿಸಿಕೊಂಡು, ಸಹಿಯೋ ಹೆಬ್ಬೆಟ್ಟೋ ಪಡೆಯಬೇಕು. ಕೊನೆಗೆ ಸಮಿತಿಯ ಮುಂದೆ ಕಚೇರಿಯ ಇನ್ನೊಬ್ಬರು ಅದನ್ನು ಒಂದಕ್ಷರ ಬದಲಿಸದೆ ಓದಬೇಕು. ಇದಕ್ಕೆ ಮೇಲಿನವರ ಒಪ್ಪಿಗೆ ಪಡೆಯಲು ಅವರಿಗೆ ಏಳು ವರ್ಷ ಹಿಡಿಯಿತು. ಏಳು ವರ್ಷವೂ ಅವರು ಯಾರ ಮೇಲೂ ದನಿಯೆತ್ತಿದ್ದನ್ನು ಕಂಡವರಿಲ್ಲ, ಯಾರನ್ನೂ ಸುಮ್ಮನೆ ಕೂರಲು ಬಿಟ್ಟದ್ದನ್ನೂ ಕಂಡವರಿಲ್ಲ.

ನಿಯಮವನ್ನು ಮುರಿಯದೆ ಬಗ್ಗಿಸುವುದು ಹೇಗೆಂಬುದನ್ನು ಅವರಿಂದ ಕಲಿಯಬೇಕು. ಕೆಟ್ಟ ಫ್ಯಾನು, ಮಿಕ್ಸಿಗಳನ್ನು ರಿಪೇರಿ ಮಾಡುವ ಗುಂಪೊಂದಕ್ಕೆ ಯಂತ್ರ ಮಂಜೂರಾಯಿತು. ಗುಂಪಿನ ಕೈಚಳಕದ ಕೆಲಸಗಾರ ಗಾಲಿಕುರ್ಚಿಯವನು. ಯಂತ್ರವಿಟ್ಟ ಕೋಣೆಗೆ ನಾಲ್ಕು ಮೆಟ್ಟಿಲು. ಇಳಿಜಾರು ಕಟ್ಟಿಸಲು ನಮೂನೆಯಲ್ಲಿ ಬಾಬತ್ತಿರಲಿಲ್ಲ. ಮೇಡಂ ಆ ಇಳಿಜಾರನ್ನು 'ಯಂತ್ರದ ಬಿಡಿಭಾಗ' ಎಂದು ನಮೂದಿಸಿದರು. ತಕರಾರು ಬಂದಾಗ, ಯಂತ್ರದ ಹತ್ತಿರಕ್ಕೆ ಮನುಷ್ಯ ಹೋಗಲಾಗದಿದ್ದರೆ ಆ ಯಂತ್ರ ಕೆಟ್ಟಂತೆಯೇ ತಾನೇ ಎಂದು ಬರೆದರು. ಬಿಡಿಭಾಗ ಮಂಜೂರಾಯಿತು.

ಗಿಳಿ ಆ ಕಚೇರಿಗೆ ಬಂದದ್ದು ಒಂಬತ್ತು ವರ್ಷದ ಹಿಂದೆ, ತಾತ್ಕಾಲಿಕ ನೌಕರನಾಗಿ. ಕೈಯಲ್ಲಿ ಪದವಿ, ಕಾಲಲ್ಲಿ ಬಾಯಿಬಿಟ್ಟ ಬೂಟು. ನಡೆದರೆ ಅಟ್ಟೆ ಚಪ್ಪಾಳೆ ತಟ್ಟುತ್ತಿತ್ತು. ಮೂರನೆಯ ದಿನ ಮೇಡಂ ಅವನಿಗೊಂದು ಲಿಖಿತ ಆದೇಶ ಕೊಟ್ಟರು: ನೆರವು ಪಡೆದ ಪಾದರಕ್ಷೆ ದುರಸ್ತಿ ಗುಂಪಿಗೆ ಭೇಟಿ ನೀಡಿ ಕೆಲಸದ ಗುಣಮಟ್ಟವನ್ನು ಪರಿಶೀಲಿಸುವುದು, ಮಾದರಿ ಒಂದು ಜೊತೆ. ಗಿಳಿ ಹೋಗಿ, ಬರಿಗಾಲಲ್ಲಿ ಒಂದು ಗಂಟೆ ಕುಳಿತು, ಮಾದರಿಯನ್ನು ಮೆಟ್ಟಿಕೊಂಡು ಮರಳಿದ. ವರದಿ ಕೇಳಿದಾಗ, 'ಅಟ್ಟೆ ಬಾಯಿ ಮುಚ್ಚಿದೆ ಮೇಡಂ, ಇನ್ನು ನನ್ನದೊಂದೇ ಬಾಕಿ' ಎಂದ. ಅವರು ನಕ್ಕರು. ಅವರನ್ನು ನಗಿಸಿದೆನೆಂಬ ಹೆಮ್ಮೆಯಲ್ಲಿ ಅವನ ಬಾಯಿ ಮತ್ತಷ್ಟು ಬಿಚ್ಚಿಕೊಂಡಿತು.

ಚಕ್ರೀಯ ಅರ್ಥವ್ಯವಸ್ಥೆ ಎಂಬ ಹೊಸ ಯೋಜನೆ ಬಂದಾಗ, ಚಕ್ರಬಡ್ಡಿಯಲ್ಲಿ ಅರ್ಥ ಕಳೆದುಕೊಂಡವರಿಗೆ ಈಗ ಚಕ್ರದಲ್ಲೇ ಅರ್ಥ ಹುಡುಕಿಕೊಡುತ್ತಿದ್ದೇವೆ ಎಂದು ಅವನು ಹೇಳಿದ್ದು ಇಡೀ ಕಚೇರಿ ಸುತ್ತಿತು. ಕಚೇರಿಯ ಸುತ್ತೋಲೆಗಳು ಬಂದರೆ, ಸುತ್ತಿ ಬಂದ ಓಲೆ ಸುತ್ತಿಕೊಂಡೇ ಹೋಗಲಿ ಎಂದು ಬಿಚ್ಚದೆ ಸಹಿ ಹಾಕಿ ಪಕ್ಕದ ಮೇಜಿಗೆ ದಾಟಿಸುತ್ತಿದ್ದ. ಪ್ರತಿ ಮಾತನ್ನೂ 'ತಾತ್ವಿಕವಾಗಿ' ಎಂದು ಶುರುಮಾಡುವ ಸಮಿತಿಯ ಅಧ್ಯಕ್ಷರನ್ನು ಅವನು ಕಾರಿಡಾರಿನಲ್ಲಿ ಮಾಡಿ ತೋರಿಸಿದರೆ ಜವಾನರು ಗೋಡೆ ಹಿಡಿದು ನಗುತ್ತಿದ್ದರು. ಒಮ್ಮೆ ಮೇಡಂ ಅವರನ್ನೇ ಅನುಕರಿಸುತ್ತಿರುವಾಗ ಅವರು ಹಿಂದೆ ಬಂದು ನಿಂತದ್ದು ಕಾಣಲಿಲ್ಲ. ಪೂರ್ತಿ ಕೇಳಿ, ನನ್ನ 'ಹೌದಾ' ಇಷ್ಟು ಉದ್ದ ಇಲ್ಲ, ಸ್ವಲ್ಪ ಕತ್ತರಿಸು ಎಂದು ತಿದ್ದಿ ಹೋದರು. ಅಂಥ ದೊಡ್ಡ ಮನಸ್ಸನ್ನು ಗಿಳಿ ಅನುಮತಿ ಪತ್ರವೆಂದು ಓದಿಕೊಂಡ.

ಅರ್ಜಿ ಬರೆದುಕೊಂಡವರು ಸಮಿತಿಯ ಸಭೆಯಲ್ಲಿ ಕೂರುವಂತಿಲ್ಲ. ತಮ್ಮ ಗುಂಪಿನ ಪರ ವಾಲಬಹುದೆಂಬ ಕಾರಣಕ್ಕೆ ಇದ್ದ ನಿಯಮ ಅದು. ಹೀಗಾಗಿ ಸಭೆಯ ದಿನ ಮೇಡಂ ಹೊರಗೆ ಅರ್ಜಿದಾರರ ಜೊತೆ ಬೆಂಚಿನ ಮೇಲೆ, ಒಳಗೆ ಓದುವುದು ಗಿಳಿ. ಸಭೆ ಸೇರುತ್ತಿದ್ದದ್ದು ಊಟವಾದ ಮೇಲೆ. ಐವರು ಸದಸ್ಯರಲ್ಲಿ ಮೂವರ ಗಲ್ಲ ಎದೆಗೆ ತಾಗಿರುತ್ತಿತ್ತು. ಮೊದಲ ವರ್ಷದ ಒಂದು ಮಧ್ಯಾಹ್ನ, ಪಾದರಕ್ಷೆ ಗುಂಪಿನ ಹಿರಿಯನ ಮಾತುಗಳನ್ನು ಓದುತ್ತ ಓದುತ್ತ ಗಿಳಿಗೆ ತಿಳಿಯದಂತೆ ಆ ಹಿರಿಯನ ಕೆಮ್ಮು, ಎಳೆತ, ತಡೆದು ತಡೆದು ಬರುವ ಉಸಿರು ಎಲ್ಲವೂ ಬಂದುಬಿಟ್ಟವು. ಅಧ್ಯಕ್ಷರು ಕಣ್ಣು ಬಿಟ್ಟರು. ಪಕ್ಕದವರು ನಕ್ಕರು. ಅರ್ಜಿ ಮಂಜೂರಾಯಿತು.

ಅಂದಿನಿಂದ ಅದೇ ರೂಢಿಯಾಯಿತು. ಹಳೆ ಕಾಗದ ಅರೆದು ರಟ್ಟು ಮಾಡುವವರಿಂದ ಹಿಡಿದು ಗಾಜು ಆಯುವವರವರೆಗೆ ಮೂರು ವರ್ಷ ಅವನು ಎಲ್ಲರನ್ನೂ ಸಮಿತಿಯ ಮುಂದೆ ಆಡಿಸಿದ. ಅರ್ಜಿದಾರರು ತಮ್ಮ ಮಾತನ್ನು ಬರೆಸಲು ಕಚೇರಿಗೆ ಬಂದಾಗ ಒಂದು ಕಿವಿಯನ್ನು ಅತ್ತಲೇ ಇಟ್ಟಿರುತ್ತಿದ್ದ. ಅವರು ಮೇಡಂಗೆ ಕಷ್ಟ ಹೇಳಿಕೊಳ್ಳುತ್ತಿದ್ದರೆ ಇವನು ಮೇಜಿನಾಚೆ ಕುಳಿತು ದನಿ ಕದಿಯುತ್ತಿದ್ದ. ಅವರ ಮಾತು ಅವರದೇ ಆಗಿ ಬರಬೇಕೆಂಬ ನಿಯಮವನ್ನು ತಾನಷ್ಟು ನಿಷ್ಠೆಯಿಂದ ಪಾಲಿಸುವವರು ಯಾರೂ ಇಲ್ಲವೆಂದು ಅವನಿಗೆ ಅನಿಸಿದ್ದೂ ಉಂಟು. ಕಳ್ಳನಿಗೊಂದು ಪಿಳ್ಳೆ ನೆವ. ಸದಸ್ಯರು ಮೇಡಂ ಎದುರಾದಾಗ, ನಿಮ್ಮ ಹುಡುಗ ಬಹಳ ಚೆನ್ನಾಗಿ ಓದುತ್ತಾನೆ ಎನ್ನುತ್ತಿದ್ದರು. ಅವರು ಸಂತೋಷಪಡುತ್ತಿದ್ದರು.

ದರ್ಜಿಗಳ ಅಂಗಡಿಸಾಲಿನ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ಹನ್ನೊಂದು ಮಂದಿ ಹೆಂಗಸರು ದರ್ಜಿಗಳು ಕತ್ತರಿಸಿ ಎಸೆದ ಚೂರುಗಳನ್ನೂ ಹಳೆ ಬಟ್ಟೆಯನ್ನೂ ಬಣ್ಣಬಣ್ಣವಾಗಿ ವಿಂಗಡಿಸಿ, ಪಟ್ಟಿಯಾಗಿ ಹರಿದು, ಕಾಲೊರಸು ನೇಯುತ್ತಿದ್ದರು. ನೇಯಲು ಬಾರದ ಚೂರು ದಿಂಬಿನ ಹೊಟ್ಟೆಗೆ. ಗುಂಪಿನ ಮುಖ್ಯಸ್ಥೆ ಸೀಳಂಗುಳದೊಂದಿಗೆ ಹುಟ್ಟಿದವರು. ಮಾತು ಮೂಗಿನಿಂದ ಬರುತ್ತಿತ್ತು, ಹೊಸಬರಿಗೆ ತಿಳಿಯುತ್ತಿರಲಿಲ್ಲ. ಏನು, ಏನು ಎಂದು ಮೂರು ಸಲ ಕೇಳಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಲೇಸೆಂದು ಅವರು ಹೊರಗಿನವರೊಡನೆ ಮಾತನ್ನೇ ಬಿಟ್ಟಿದ್ದರು. ಅವರ ಪರವಾಗಿ ತಂಗಿಯ ಮಗಳು ಮಾತಾಡುತ್ತಿದ್ದಳು. ಅವಳಿಗೆ ಅವರು ದೊಡ್ಡಮ್ಮ, ಹಾಗಾಗಿ ಇಡೀ ಶೆಡ್ಡಿಗೇ ದೊಡ್ಡಮ್ಮ.

ಮೇಡಂ ಮೊದಲ ಸಲ ಅಲ್ಲಿಗೆ ಹೋದಾಗ ತಂಗಿಯ ಮಗಳು ಎಂದಿನಂತೆ ಶುರುಮಾಡಿದಳಂತೆ. ನೀನು ಸ್ವಲ್ಪ ಹೊತ್ತು ಬಣ್ಣ ವಿಂಗಡಿಸು ತಾಯಿ, ನನಗೆ ಅವರ ಹತ್ತಿರ ಮಾತಿದೆ ಎಂದು ಮೇಡಂ ದೊಡ್ಡಮ್ಮನ ಪಕ್ಕ ಬಟ್ಟೆಗಂಟಿನ ಮೇಲೆ ಕುಳಿತರು. ಮೊದಲ ದಿನ ಅರ್ಧ ಮಾತು ತಿಳಿಯಲಿಲ್ಲ. ತಿಳಿದಂತೆ ತಲೆಯಾಡಿಸುವವರಲ್ಲ ಅವರು. ಪ್ರತಿ ಸಲವೂ, ಇನ್ನೊಂದು ಸಲ ಹೇಳಿ, ತಪ್ಪು ನನ್ನ ಕಿವಿಯದು ಎಂದು ಕೇಳಿದರು. ಎರಡನೆಯ ದಿನದ ಹೊತ್ತಿಗೆ ಕಿವಿ ಪಳಗಿತು. ದೊಡ್ಡಮ್ಮ ಅವರನ್ನು ಅಕ್ಕ ಎಂದು ಕರೆಯತೊಡಗಿದ್ದರು. ಏಳು ಪುಟ ತುಂಬಿತು. ಆ ಅರ್ಜಿಯ ಮೊದಲ ಸಾಲುಗಳು ಇವು: 'ನಮ್ಮನ್ನು ಚಿಂದಿಯವರು ಅಂತಾರೆ. ಚಿಂದಿ ಅಂದರೆ ಇನ್ನೂ ಯಾರೂ ಹೊಲಿಯದೆ ಇರೋ ಬಟ್ಟೆ.' ಅವರು ಕೇಳಿದ್ದು, ನೆಲದ ಮೇಲೆ ಕೂತವರ ಕೈಗೂ ಎಟುಕುವ, ಮುಖಕ್ಕೆ ಧೂಳು ಉಗುಳದ ಒಂದು ಬಟ್ಟೆ ಹರಿಯುವ ಯಂತ್ರ, ಅದನ್ನಿಡಲು ಒಂದು ಗಟ್ಟಿ ನೆಲ.

ಆ ತಿಂಗಳಿನಿಂದ ಮೇಡಂ ಇನ್ನೊಂದು ಏರ್ಪಾಡು ಮಾಡಿದ್ದರು. ಸಭೆಯ ಕೋಣೆಯಿಂದ ಹೊರಗಿನ ಬೆಂಚಿನವರೆಗೆ ತಂತಿ ಎಳೆಸಿ ಒಂದು ಸ್ಪೀಕರ್ ಪೆಟ್ಟಿಗೆ ಹಾಕಿಸಿದ್ದರು. ತಮ್ಮ ಮಾತು ಒಳಗೆ ಪೂರ್ತಿಯಾಗಿ ಓದಲ್ಪಡುತ್ತಿದೆಯೆಂಬುದನ್ನು ಅರ್ಜಿದಾರರು ತಮ್ಮ ಕಿವಿಯಿಂದಲೇ ಕೇಳಲಿ ಎಂಬುದು ಉದ್ದೇಶ. ಈ ಬಗ್ಗೆ ಸುತ್ತೋಲೆ ಹೋಗಿತ್ತು. ಗಿಳಿ ಅದಕ್ಕೆ ಸಹಿ ಹಾಕಿದ್ದ.

ಆ ಮಧ್ಯಾಹ್ನ ಹೊರಗೆ ಮೂರು ಗುಂಪುಗಳ ಇಪ್ಪತ್ತು ಮಂದಿ ಕೂತಿದ್ದರು. ಬೆಂಚಿನ ತುದಿಗೆ ದೊಡ್ಡಮ್ಮ, ಪಕ್ಕದಲ್ಲಿ ಮೇಡಂ. ಕೇಳಿ, ಈಗ ನಿಮ್ಮದೇ ಓದುತ್ತಾರೆ ಎಂದು ಮೇಡಂ ಹೇಳಿದರಂತೆ. ಒಳಗೆ ಗಿಳಿ ಗಂಟಲು ಸರಿಮಾಡಿಕೊಂಡ. ದೊಡ್ಡಮ್ಮ ಹೆಬ್ಬೆಟ್ಟು ಒತ್ತಲು ಬಂದ ದಿನ ಅವರ ದನಿಯನ್ನು ಐದು ನಿಮಿಷ ಕೇಳಿದ್ದ. ಅವನಿಗೆ ಅಷ್ಟು ಸಾಕಾಗಿತ್ತು. ಚಿಂದಿ ಎಂಬ ಪದವನ್ನು ಮೂಗಿನಲ್ಲಿ ಎಳೆದಾಗ ಅಧ್ಯಕ್ಷರು ಮೇಜು ತಟ್ಟಿದರು. ಅವರ ನಗುವಿನ ಸದ್ದಿಗೆ ಇವನಿಗೆ ಇನ್ನಷ್ಟು ಹುರುಪು ಬಂದು, ಬರೆದಿರದ ಕಡೆಯೂ ಮೂಗು ಸೇರಿಸಿದ. ಹೊರಗೆ ಪೆಟ್ಟಿಗೆಯ ಹತ್ತಿರ ಕೂತಿದ್ದ ಬೇರೆ ಗುಂಪಿನವರೊಬ್ಬರು, ಯಾರ ಮಾತೆಂದು ತಿಳಿಯದೆ ಅವರೂ ನಕ್ಕರು. ಮೇಡಂ ಎದ್ದು ಓಡಿಬಂದು ಬಾಗಿಲು ಬಡಿದರು. ಸಭೆಯ ಬಾಗಿಲಿಗೆ ಒಳಗಿನಿಂದ ಅಗುಳಿ. ಒಳಗಿನ ನಗುವಿನಲ್ಲಿ ಬಡಿತ ಕೇಳಿಸಲಿಲ್ಲ. ಜವಾನ ಬಾಗಿಲು ತೆರೆಯುವಷ್ಟರಲ್ಲಿ ಏಳು ಪುಟವೂ ಮುಗಿದು, ಅರ್ಜಿ ಸರ್ವಾನುಮತದಿಂದ ಮಂಜೂರಾಗಿತ್ತು.

ದೊಡ್ಡಮ್ಮ ಎದ್ದು ನಿಂತಿದ್ದರು. ಬಾಗಿಲ ಸಂದಿಯಲ್ಲಿ ಗಿಳಿಗೆ ಅವರ ಭುಜ ಮಾತ್ರ ಕಾಣುತ್ತಿತ್ತು.

'ಅರ್ಜಿ ವಾಪಸ್ ಕೊಡಿ, ಮೇಡಂ. ಅದರಲ್ಲಿರೋದು ನನ್ನ ಮಾತು.'

ಅವರ ಉಚ್ಚಾರವನ್ನು ಇಲ್ಲಿ ಅಕ್ಷರಗಳಲ್ಲಿ ತೋರಿಸುವುದಿಲ್ಲ. ಆ ಕೆಲಸವನ್ನು ಗಿಳಿ ಒಮ್ಮೆ ಮಾಡಿಯಾಗಿದೆ. ಮಂಜೂರಾದ ಅರ್ಜಿಯನ್ನು ಹಿಂದಿರುಗಿಸಲು ನಿಯಮವಿಲ್ಲ. ಮೇಡಂ ಒಳಗೆ ಬಂದು, ಅಧ್ಯಕ್ಷರ ಎದುರಿನಿಂದ ಆ ಏಳು ಹಾಳೆಗಳನ್ನು ತೆಗೆದುಕೊಂಡು, ಅಂಚು ಸರಿಮಾಡಿ, ಹೊರಗೆ ಹೋಗಿ ಎರಡೂ ಕೈಯಿಂದ ಕೊಟ್ಟರು.

ಎಲ್ಲರೂ ಹೋದ ಮೇಲೆ ಗಿಳಿಯನ್ನು ಕರೆದು, ಮೂರು ವರ್ಷದಿಂದ ಹೀಗೇ ಓದುತ್ತಿದ್ದೆಯಾ ಎಂದು ಕೇಳಿದರು. ಹೌದೆಂದ. ಎಲ್ಲರದ್ದೂ? ಎಲ್ಲರದ್ದೂ. ಅವರು ಮುಂದಿದ್ದ ಕಡತವನ್ನು ಮುಚ್ಚಿ ಪಕ್ಕಕ್ಕಿಟ್ಟರು.

'ಹಾಗಾದ್ರೆ ಅವರು ಇಷ್ಟು ದಿನ ದುಡ್ಡು ಕೊಟ್ಟಿದ್ದು ಕೆಲಸ ನೋಡಿ ಅಲ್ಲ, ನಕ್ಕಿದ್ದಕ್ಕೆ.'

ಬೈದಿದ್ದರೆ ಗಿಳಿ ಎದುರುತ್ತರ ಹುಡುಕುತ್ತಿದ್ದ. ಅವರು ಬೈಯಲಿಲ್ಲ.

ವಿಚಾರಣೆ ನಡೆಯಿತು. ಸಭೆಯ ನಡವಳಿಯಲ್ಲಿ ಇದ್ದದ್ದು 'ಅರ್ಜಿಯನ್ನು ಓದಲಾಯಿತು' ಎಂದಷ್ಟೇ. ಕಚೇರಿಯ ಕನ್ನಡದಲ್ಲಿ ಕೆಲಸಗಳು ತಾವಾಗಿಯೇ ಆಗುತ್ತವೆ, ಮಾಡಿದವರು ಇರುವುದಿಲ್ಲ. ನಕ್ಕ ಸದಸ್ಯರು ನಕ್ಕದ್ದನ್ನು ಹೇಳಲಾರದೆ ಓದಿದವನ ಹೆಸರನ್ನೂ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಗಿಳಿ ನಾಲ್ಕು ದಿನ ಬೆವೆತ. ತಾತ್ಕಾಲಿಕ ನೌಕರನನ್ನು ಮನೆಗೆ ಕಳಿಸಲು ಒಂದು ಸಾಲಿನ ಚೀಟಿ ಸಾಕಿತ್ತು. ಅದು ಮೇಡಂಗೂ ಗೊತ್ತಿತ್ತು. ಅವರು ಕೊಟ್ಟ ಹೇಳಿಕೆ ಇದು: 'ಓದಿಸಿದ್ದು ನಾನು. ಹೇಗೆ ಓದಬೇಕೆಂದು ತಿಳಿಸದೆ ಓದುವವನಿಗೇ ಬಿಟ್ಟದ್ದು ನನ್ನ ತಪ್ಪು.'

ಅವರಿಗೆ ಎಚ್ಚರಿಕೆ ನೀಡಲಾಯಿತು. ಅದು ಸೇವಾ ಪುಸ್ತಕದಲ್ಲಿ ದಾಖಲಾಯಿತು. ದೊಡ್ಡಮ್ಮನ ಗುಂಪಿಗೆ ಕಚೇರಿಯಿಂದ ವಿಷಾದ ಪತ್ರ ಹೋಗಬೇಕಾಯಿತು. ಪತ್ರಗಳ ಕರಡು ಬರೆಯುವುದು ಗಿಳಿಯ ಕೆಲಸ. ಅವನು ಬರೆದ: 'ಅರ್ಜಿಯನ್ನು ಓದಿಸಿದ್ದು ತಾವೇ ಎಂದು ಸಂಬಂಧಪಟ್ಟ ಅಧಿಕಾರಿಯು ಒಪ್ಪಿಕೊಂಡಿದ್ದು, ಅವರಿಗೆ ಎಚ್ಚರಿಕೆ ನೀಡಲಾಗಿದೆ.' ಮೇಡಂ ಹೇಳಿಕೆಯ ಎರಡನೆಯ ವಾಕ್ಯದಲ್ಲಿ 'ಓದುವವನು' ಎಂಬ ಪದ ಬರುತ್ತಿತ್ತು. ಆ ಪದ ಬಂದರೆ, ಯಾರವನು ಎಂಬ ಪ್ರಶ್ನೆ ಬರುತ್ತಿತ್ತು. ಆ ವಾಕ್ಯವನ್ನು ಅವನು ಬಿಟ್ಟ. ಪತ್ರ ಮೇಡಂ ಕೈಗೆ ಬರದೆ ಮೇಲಿನವರ ಸಹಿಯಾಗಿ ಹೋಯಿತು. ಒಂದಕ್ಷರ ಬಿಡದೆ ಓದುವುದಕ್ಕೆಂದೇ ಸಂಬಳ ಪಡೆಯುತ್ತಿದ್ದವನು ಅವನು.

ಆ ಪತ್ರವನ್ನು ಶೆಡ್ಡಿನಲ್ಲಿ ತಂಗಿಯ ಮಗಳು ದೊಡ್ಡಮ್ಮನಿಗೆ ಓದಿ ಹೇಳಿದಳು. ಪಕ್ಕದಲ್ಲಿ ಕೂತು, ಕೇಳಿ ಎಂದವರೇ ಹಾಗೆ ಓದಿಸಿದ್ದು ಎಂದಲ್ಲದೆ ಬೇರೆ ಅರ್ಥ ಅದಕ್ಕೆ ಬರುವಂತಿರಲಿಲ್ಲ. ಮೇಡಂ ಹೋದಾಗಲೆಲ್ಲ ತಂಗಿಯ ಮಗಳು ಬಾಗಿಲಲ್ಲೇ, ದೊಡ್ಡಮ್ಮ ಮಲಗಿದ್ದಾರೆ ಎನ್ನುತ್ತಿದ್ದಳು. ಬೆಳಗಿನ ಹನ್ನೊಂದು ಗಂಟೆ. ಒಳಗೆ ಬಟ್ಟೆ ಹರಿಯುವ ಸದ್ದು ಅದೇ ಆಗ ನಿಂತಿರುತ್ತಿತ್ತು. ಒಂದು ಸಲ ಬೇರೆ ಕೆಲಸಕ್ಕೆಂದು ಗಿಳಿಯೂ ಜೊತೆಗಿದ್ದ. ಓಣಿಯ ತಿರುವಿನಲ್ಲೇ ನಿಂತು ಅದನ್ನು ನೋಡಿದ. ಹಿಂದಿರುಗುವಾಗ ಬಸ್ಸಿನಲ್ಲಿ ಮೇಡಂ ಹೇಳಿದ್ದು ಇಷ್ಟೇ: ಕಿಟಕಿಗೆ ಜಾಲರಿ ಹಾಕಿಸಿಕೊಂಡಿದ್ದಾರೆ, ಧೂಳು ಸ್ವಲ್ಪ ಕಡಿಮೆಯಾಗಿರಬಹುದು. ಅನುಕರಣೆಗೆ ಅಷ್ಟು ನೋವಾಗಿದೆಯೆಂದೇ ಅವರು ತಿಳಿದಿದ್ದರು. ತಮ್ಮ ಮಾತಿನ ಅರ್ಧ ಮಾತ್ರ ಅಲ್ಲಿಗೆ ತಲುಪಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಪಕ್ಕದ ಸೀಟಿನಲ್ಲಿ ಕಿಟಕಿ ನೋಡುತ್ತಿದ್ದ.

ಬೆಂಚು ಮೇಡಂ ಪದವಿಗೆ ಎಂದೂ ಆಸೆಪಟ್ಟವರಲ್ಲ ಎಂದು ಈ ಸಂಪುಟದಲ್ಲಿ ಯಾರಾದರೂ ಬರೆದಿದ್ದರೆ ಅದು ಸರಿಯಲ್ಲ. ಆಸೆಪಟ್ಟಿದ್ದರು. ವಿಭಾಗದ ಮುಖ್ಯಸ್ಥರಾದರೆ ಮಾಡಬೇಕಾದ ಹನ್ನೆರಡು ಕೆಲಸಗಳ ಪಟ್ಟಿ ಅವರ ದಿನಚರಿಯ ಹಿಂಬದಿಯಲ್ಲಿತ್ತು, ಗಿಳಿಯೇ ನೋಡಿದ್ದ. ಆ ವರ್ಷ ಸರದಿ ಅವರದಾಗಿತ್ತು. ಎಚ್ಚರಿಕೆಯ ಒಂದು ಸಾಲು ಅದನ್ನು ಬೇರೆಯವರಿಗೆ ದಾಟಿಸಿತು. ಮರುವರ್ಷ ಗಿಳಿಯ ಕೆಲಸ ಖಾಯಮ್ಮಾಯಿತು. ಆದೇಶ ತಂದುಕೊಟ್ಟವರು ಮೇಡಂ. ಜೊತೆಗೆ ಒಂದು ಪೆನ್ನು ಕೊಟ್ಟರು.

ಅರ್ಜಿದಾರರು ಸಭೆಯೊಳಗೇ ಕೂತು, ತಾವೇ ಆರಿಸಿದವರಿಂದ ತಮ್ಮ ಮಾತು ಓದಿಸಿಕೊಳ್ಳುವ ಪದ್ಧತಿಯನ್ನು ಅವರು ಆಮೇಲೆ ಹೋರಾಡಿ ತಂದರು. ಈಗ ಬೇರೆ ಊರುಗಳ ನಿಧಿಗಳೂ ಅದನ್ನು ಅನುಸರಿಸುತ್ತಿವೆ, ಅವರ ದೂರದೃಷ್ಟಿಯನ್ನು ಎಲ್ಲರೂ ಕೊಂಡಾಡುತ್ತಾರೆ. ಕೊಂಡಾಡಬೇಕಾದದ್ದೇ. ಅದು ಯಾವ ಮಧ್ಯಾಹ್ನದಿಂದ ಹುಟ್ಟಿತೆಂಬುದು ಗೊತ್ತಿರುವ ಗಿಳಿ ಅಂಥ ಸಭೆಗಳಲ್ಲಿ ಚಪ್ಪಾಳೆ ತಟ್ಟಿ ತಲೆ ತಗ್ಗಿಸಿ ಕೂರುತ್ತಾನೆ. ಅನುಕರಣೆಯನ್ನು ಅವನು ಬಿಟ್ಟ. ಕೇಳಿದವರಿಗೆ ಗಂಟಲು ಸರಿಯಿಲ್ಲವೆಂದ. ಶ್ಲೇಷೆ ಬಿಡಲಾಗಲಿಲ್ಲ, ಅದೊಂದು ಕೆಮ್ಮಿನಂತೆ ಉಳಿದಿದೆ.

ಈ ಸಂಪುಟಕ್ಕೆ ಲೇಖನ ಕೇಳಿ ಪತ್ರ ಬಂದ ವಾರ ಅವನು ಎರಡು ಪುಟದ ಹೇಳಿಕೆ ಬರೆದುಕೊಂಡು ಮುಖ್ಯ ಗುಮಾಸ್ತರ ಬಳಿ ಹೋದ. ಆ ವಿಚಾರಣೆಯ ಕಡತಕ್ಕೆ ಇದನ್ನು ಸೇರಿಸಿ, ಸೇವಾ ಪುಸ್ತಕದ ಸಾಲನ್ನು ಅಳಿಸಬೇಕೆಂದು ಕೇಳಿಕೊಂಡ. ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿದರು.

'ಆ ಕಡತನಾ? ಹೋದ ವರ್ಷ ರದ್ದಿಗೆ ಹೋಯ್ತಲ್ಲಪ್ಪ. ರಟ್ಟು ಮಾಡೋ ಗುಂಪಿನವರು ತಗೊಂಡು ಹೋದರು. ನೀನೇ ಓದಿ ಮಂಜೂರು ಮಾಡಿಸಿದ್ದು ಅಲ್ವಾ ಅವರಿಗೆ?' ಮೇಜಿನ ಮೇಲಿದ್ದ ಹೊಸ ಫೈಲಿನ ಬೂದು ರಟ್ಟನ್ನು ಬೆರಳಿನಿಂದ ತಟ್ಟಿದರು. 'ಇದರೊಳಗೆ ಎಲ್ಲೋ ಇರುತ್ತೆ ನೋಡು.'

ಕಡತವಿಲ್ಲದೆ ಹೇಳಿಕೆ ಸೇರಿಸಲು ಜಾಗವಿಲ್ಲ, ಹೇಳಿಕೆಯಿಲ್ಲದೆ ಸಾಲು ಅಳಿಸುವಂತಿಲ್ಲ. ಗಿಳಿ ತನ್ನ ಎರಡು ಪುಟ ಮಡಚಿಕೊಂಡು ಮೇಡಂ ಬಳಿಗೆ ಹೋದ. ಅವರು ಮೇಜಿನ ಖಾನೆಗಳನ್ನು ಖಾಲಿಮಾಡುತ್ತಿದ್ದರು. ಬಿಟ್ಟ ವಾಕ್ಯದ ವಿಷಯವನ್ನು ಅವನು ಆರು ವರ್ಷಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ. ಅವರ ಕೈ ಖಾನೆಯೊಳಗೇ ನಿಂತಿತು.

'ಅಂದ್ರೆ ನಾನೇ ಹಾಗೆ ಓದಿಸಿದೆ ಅಂತ ಅವರು ತಿಳ್ಕೊಂಡಿದ್ದಾರಾ? ಇಷ್ಟು ವರ್ಷವೂ?'

'ಹೌದು ಮೇಡಂ.'

'ಇದನ್ನ ನನಗೆ ಬಂದು ಹೇಳ್ತಿದ್ದೀಯಲ್ಲಪ್ಪ,' ಎಂದರು. 'ನಾನು ಓದಿಸಲಿಲ್ಲ ಅಂತ ನನಗೆ ಗೊತ್ತು.'

ಅಷ್ಟು ಹೇಳಿ ಮತ್ತೆ ಖಾನೆ ಖಾಲಿಮಾಡತೊಡಗಿದರು. ಅವನ ಕಡೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಗಿಳಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಹನ್ನೊಂದು ಮಂದಿ ಈಗ ಆರಾಗಿದ್ದರು. ತಂಗಿಯ ಮಗಳು ಎದ್ದು ಬಂದು ಯಾರೆಂದು ಕೇಳಿದಳು. ಆ ದಿನ ಪೆಟ್ಟಿಗೆಯಲ್ಲಿ ಮಾತಾಡಿದವನು ಎಂದ. ಅವಳು ಬಾಗಿಲಿಗೆ ಅಡ್ಡ ಕೈಯಿಟ್ಟು, ದೊಡ್ಡಮ್ಮ ಮಲಗಿದ್ದಾರೆ ಎಂದಳು. ಒಳಗಿನಿಂದ ಮಾತು ಬಂತು: 'ಮಲಗಿಲ್ಲ. ಬಿಡು ಅವನನ್ನ.'

ಕೂರು ಎಂದು ಯಾರೂ ಹೇಳಲಿಲ್ಲ. ನಿಂತೇ ಹೇಳಿದ. ದೊಡ್ಡಮ್ಮ ತಲೆಯೆತ್ತದೆ ಬಟ್ಟೆ ಹರಿಯುತ್ತಿದ್ದರು. ಪ್ರತಿ ಪಟ್ಟಿ ಹರಿದಾಗಲೂ ಅವನ ಮಾತು ಒಂದಿಷ್ಟು ಮುಚ್ಚಿಹೋಗುತ್ತಿತ್ತು, ಅವನು ಅದನ್ನು ಮತ್ತೆ ಹೇಳುತ್ತಿದ್ದ. ಯಾರ ದನಿಯೂ ಸಹಾಯಕ್ಕೆ ಬರಲಿಲ್ಲ. ತನ್ನ ದನಿ ಇಷ್ಟು ತೆಳುವೆಂದು ಅವನಿಗೆ ಅದುವರೆಗೆ ತಿಳಿದಿರಲಿಲ್ಲ. ಮೇಡಂ ಬರೆದ ಎರಡು ವಾಕ್ಯಗಳನ್ನೂ, ತಾನು ಅದರಲ್ಲಿ ಒಂದನ್ನು ಬಿಟ್ಟದ್ದನ್ನೂ ಹೇಳಿದಾಗ ಹರಿಯುವ ಕೈ ನಿಂತಿತು.

'ಆ ಎರಡನೇದು ಇನ್ನೊಂದು ಸಲ ಹೇಳು.'

ಹೇಳಿದ.

'ನನ್ನ ಹಾಗೆ ಮಾತಾಡಿ ತೋರಿಸಿದವರನ್ನ ಹುಟ್ಟಿದಾಗಿನಿಂದ ನೋಡಿದ್ದೀನಿ,' ಎಂದರು ದೊಡ್ಡಮ್ಮ. 'ನಿನ್ನನ್ನ ಅವತ್ತೇ ಮರೆತೆ. ನನ್ನ ಮಾತು ಕೇಳಿಸಿಕೊಂಡವರು ಒಬ್ಬರೇ ಒಬ್ಬರು ಇದ್ದರು. ಅವರನ್ನ ತಗೊಂಡುಬಿಟ್ಟೆಯಲ್ಲೋ.'

ಅವರು ಮಡಿಲಿನ ಚೂರುಗಳನ್ನು ಕೊಡವಿ ಎದ್ದರು, ಮುಖಕ್ಕೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡರು, ಚಪ್ಪಲಿ ಹುಡುಕಿ ಮೆಟ್ಟಿದರು. ಮೇಡಂ ಮನೆ ಯಾವ ಕಡೆ ಎಂದು ಕೇಳಿದರು. ತಾನೇ ಕರೆದುಕೊಂಡು ಹೋಗುತ್ತೇನೆಂದ.

'ದಾರಿ ಹೇಳು ಸಾಕು. ನೀನು ಬರಬೇಡ.'

ತಂಗಿಯ ಮಗಳು ದುಪಟ್ಟಾ ಸರಿಮಾಡಿಕೊಂಡು ಹೊರಟು ನಿಂತಿದ್ದಳು. ದೊಡ್ಡಮ್ಮ ಅವಳ ಕಡೆ ತಿರುಗಿ, 'ನೀನೂ ಬೇಡ' ಎಂದು ಓಣಿಗಿಳಿದರು.

ಏನು ಮಾಡುವುದೆಂದು ತೋಚದೆ ಗಿಳಿ ಅಲ್ಲೇ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ತಂಗಿಯ ಮಗಳು ಕಾಲಿನಿಂದ ಒಂದು ಗಂಟನ್ನು ಅವನತ್ತ ನೂಕಿ, ಕಂಬದ ಹಾಗೆ ನಿಂತಿರೋ ಬದಲು ನೀಲಿ, ಹಸಿರು ಬೇರೆ ಮಾಡಿ ಎಂದಳು. ಸಂಜೆ ಶೆಡ್ಡಿಗೆ ಬೀಗ ಹಾಕುವವರೆಗೂ ಮಾಡಿದ. ಎರಡು ಸಲ ತಪ್ಪು ಮಾಡಿ ಬೈಸಿಕೊಂಡ. ದೊಡ್ಡಮ್ಮ ಅಷ್ಟು ಹೊತ್ತಾದರೂ ಮರಳಿರಲಿಲ್ಲ. ಅವರಿಬ್ಬರೂ ಏನು ಮಾತಾಡಿಕೊಂಡರೆಂದು ಗಿಳಿಗೆ ಗೊತ್ತಿಲ್ಲ. ಅವನು ಕೇಳಿಲ್ಲ, ಅವರು ಹೇಳಿಲ್ಲ. ಮೇಡಂ ಈಗ ವಾರಕ್ಕೆ ಮೂರು ದಿನ ಶೆಡ್ಡಿನಲ್ಲಿರುತ್ತಾರೆ, ಏನೋ ಬರೆದುಕೊಳ್ಳುತ್ತಿರುತ್ತಾರೆ ಎಂಬುದು ತಂಗಿಯ ಮಗಳಿಂದ ತಿಳಿದದ್ದು.

ಕಡತದಲ್ಲಿ ಜಾಗ ಸಿಗದ ಮಾತನ್ನು ಈ ಸಂಪುಟದಲ್ಲಿ ಹೇಳಲು ಸಂಪಾದಕರು ಅವಕಾಶ ಕೊಟ್ಟಿದ್ದಾರೆ: ಆ ಮಧ್ಯಾಹ್ನ ಅರ್ಜಿಯನ್ನು ಹಾಗೆ ಓದಿದವನು ಗಿಳಿ. ಹಾಗೆ ಓದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪತ್ರದಲ್ಲಿ ವಾಕ್ಯ ಬಿಟ್ಟವನೂ ಅವನೇ. ಈ ಪುಟಗಳೂ ಒಂದು ದಿನ ಅರೆದು ರಟ್ಟಾಗುತ್ತವೆ. ಅಷ್ಟರೊಳಗೆ ನಾಲ್ಕು ಜನ ಓದಿದರೆ ಸಾಕು.

ನಿವೃತ್ತರಿಗೆ ದೀರ್ಘಾಯುಷ್ಯವನ್ನು ಕೋರುವುದು ಸಂಪ್ರದಾಯ. ಗಿಳಿಯ ಕೋರಿಕೆ ಸ್ವಲ್ಪ ಲೆಕ್ಕಾಚಾರದ್ದು. ಪೂಜ್ಯ ಬೆಂಚು ಮೇಡಂ ಅವರ ಪಾಲಿಗೆ ಎಷ್ಟು ವರ್ಷಗಳಿವೆಯೋ ಅದರ ಮೇಲೆ ಇನ್ನೂ ಆರು ಇರಲಿ, ದೊಡ್ಡಮ್ಮನವರಿಗೂ ಆರು ಇರಲಿ. ಆ ಆರು ವರ್ಷಗಳನ್ನು ಅವರಿಬ್ಬರೂ ಅಕ್ಕಪಕ್ಕ ಕೂತು, ಮಾತಾಡಿ, ಬರೆದು, ಬೇಕಾದರೆ ಜಗಳವಾಡಿ ಕಳೆಯಲಿ. ಹೆಚ್ಚುವರಿ ವರ್ಷಗಳನ್ನು ಎಲ್ಲಿಂದ ತರುವುದೆಂಬ ತಕರಾರು ಬಂದರೆ ಗಿಳಿಯ ಹೆಸರಿನಿಂದ ಕಳೆದುಕೊಳ್ಳಬಹುದು. ಅದಕ್ಕೆ ಈ ಬರಹವೇ ಒಪ್ಪಿಗೆ ಪತ್ರ.